ಮಗಳು ‘ಅಂತರ್ಮುಖಿ’ ಎಂದು ಪರೀಕ್ಷೆ ಹೇಳಿದೆ, ಲಾ ಓದುವ ಆಸೆ ಬಿಡಬೇಕೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಜಿಲ್ಲೆಯವನು. ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಜೊತೆಗೆ ಸ್ವಲ್ಪ ಜಮೀನಿದೆ. ಮಗಳು ಎರಡನೇ ಪಿಯುಸಿ, ಕಲಾ ವಿಭಾಗ. ಹೈಸ್ಕೂಲಿನಿಂದಲೂ ‘ಲಾ ಓದುತ್ತೇನೆ’ ಎನ್ನುತ್ತಿದ್ದಳು. ಎರಡು ತಿಂಗಳ ಹಿಂದೆ ಕಾಲೇಜಿಗೆ ವೃತ್ತಿ ಮಾರ್ಗದರ್ಶನದವರು ಬಂದು ಕಂಪ್ಯೂಟರಿನಲ್ಲಿ ವ್ಯಕ್ತಿತ್ವ ಪರೀಕ್ಷೆ ಬರೆಸಿದರು. ಫಲಿತಾಂಶ ‘ಐಎಸ್‌ಎಫ್‌ಜೆ’. ಅಂತರ್ಮುಖಿ ಶೇ 54, ಭಾವನೆಯಿಂದ ತೀರ್ಮಾನಿಸುವವಳು ಶೇ 57 ಎಂದಿದೆ. ‘ವಾದ ಮಾಡುವ ವೃತ್ತಿ ಹೊಂದುವುದಿಲ್ಲ, ನರ್ಸಿಂಗ್ ಅಥವಾ ಶಿಕ್ಷಕ ವೃತ್ತಿ ಉತ್ತಮ’ ಎಂದು ಬರೆದುಕೊಟ್ಟಿದ್ದಾರೆ. ವರದಿ ಓದಿದ ಮಗಳು ‘ಅಪ್ಪಾ, ನನ್ನನ್ನೇ ನೋಡಿ ಬರೆದ ಹಾಗಿದೆ’ ಎಂದಳು. ಅಂದಿನಿಂದ ಕ್ಲಾಟ್ (ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆ) ಪುಸ್ತಕ ಮುಟ್ಟಿಲ್ಲ. ಚರ್ಚಾಸ್ಪರ್ಧೆಗೆ ಕೊಟ್ಟ ಹೆಸರನ್ನೂ ವಾಪಸ್ ತೆಗೆದುಕೊಂಡಳು. ಕೇಳಿದರೆ ‘ನಾನು ಇಂಟ್ರೋವರ್ಟ್, ನನ್ನ ಕೈಲಿ ಆಗಲ್ಲ’ ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ಕಾಲೇಜಿನಲ್ಲಿ ಸೆಮಿನಾರ್ ಇದ್ದ ದಿನ ಅವಳಿಗೆ ಹೊಟ್ಟೆನೋವು ಬರುತ್ತದೆ, ಒಂದು ವರ್ಷದಿಂದ ಹೀಗೇ. ಆದರೆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ಹೋದ ವರ್ಷ ಮಂಡಿಯಲ್ಲಿ ಮೆಕ್ಕೆಜೋಳದ ತೂಕದಲ್ಲಿ ದಲ್ಲಾಳಿ ಕಡಿತ ಮಾಡಿದಾಗ ಚೀಟಿ ಹಿಡಿದು ಲೆಕ್ಕ ಕೇಳಿದವಳು ಅವಳೇ, ನಾನು ಸುಮ್ಮನೆ ನಿಂತಿದ್ದೆ. ನನ್ನ ತಾಯಿ ‘ಹುಟ್ಟುಗುಣ ಸುಟ್ಟರೂ ಹೋಗದು, ಮಗುವನ್ನು ಬಲವಂತ ಮಾಡಬೇಡ’ ಎನ್ನುತ್ತಾರೆ. ಈ ಪರೀಕ್ಷೆಯನ್ನು ಎಷ್ಟು ನಂಬಬೇಕು? ಎಂಟನೇ ಕ್ಲಾಸಿನ ಮಗನಿಗೆ ಬೆರಳಚ್ಚು ನೋಡಿ ಬುದ್ಧಿಶಕ್ತಿ ಹೇಳುತ್ತೇವೆ ಎಂದು ಅದೇ ಜನ ಫೋನ್ ಮಾಡುತ್ತಿದ್ದಾರೆ. ಅದನ್ನೂ ಮಾಡಿಸಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಪರೀಕ್ಷೆಯ ಬಗ್ಗೆ. ನನ್ನ ಕಣ್ಣು ನಿಂತದ್ದು ಮಾತ್ರ ನೀವು ನಡುವೆ ಹೇಳಿ ಮುಂದೆ ಹೋದ ಎರಡು ಸಂಗತಿಗಳ ಮೇಲೆ: ಸೆಮಿನಾರಿನ ದಿನದ ಹೊಟ್ಟೆನೋವು ಮತ್ತು ಮಂಡಿಯಲ್ಲಿ ಚೀಟಿ ಹಿಡಿದು ನಿಂತ ಹುಡುಗಿ. ವರದಿಯಲ್ಲಿ ಈ ಎರಡೂ ಇಲ್ಲ. ನಿಮ್ಮ ಮಗಳನ್ನು ಅರ್ಥಮಾಡಿಕೊಳ್ಳಲು ವರದಿಗಿಂತ ಇವೇ ಹೆಚ್ಚು ನೆರವಾಗುತ್ತವೆ. ಅಲ್ಲಿಗೆ ಬರುತ್ತೇನೆ. ಮೊದಲು ಪರೀಕ್ಷೆಯ ವಿಷಯ ಮುಗಿಸೋಣ.

ಆ ನಾಲ್ಕು ಅಕ್ಷರಗಳ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಓದುವ ಹಸಿವಿದ್ದ, ಜನರನ್ನು ಗಮನಿಸುವ ಅಭ್ಯಾಸವಿದ್ದ ಹೆಂಗಸರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ವ್ಯಕ್ತಿತ್ವದ ಬಗೆಗಳ ಮೇಲೆ ಒಂದು ದೊಡ್ಡ ಗ್ರಂಥ ಬರೆದರು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಮನೆಮಾತಾದದ್ದು ಅಲ್ಲಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಮೊದಲ ಬಾರಿ ಕೆಲಸಕ್ಕೆ ಹೊರಟವರಿಗೆ ಅವರವರ ಸ್ವಭಾವಕ್ಕೆ ಒಗ್ಗುವ ಕೆಲಸ ಸಿಗಲಿ ಎಂದು ಇಸಾಬೆಲ್ ಅವರು ಯುಂಗ್ ವಿಚಾರಗಳನ್ನು ಪ್ರಶ್ನಾವಳಿಯಾಗಿ ಮಾಡಿದರು. ನಾಲ್ಕು ಜೋಡಿ ಗುಣಗಳು, ಪ್ರತಿ ಗುಣಕ್ಕೂ ಒಂದು ಇಂಗ್ಲಿಷ್ ಅಕ್ಷರ (ಅಂತರ್ಮುಖಿಗೆ ‘ಐ’, ಬಹಿರ್ಮುಖಿಗೆ ‘ಇ’, ಹೀಗೆ), ಪ್ರತಿ ಜೋಡಿಯಲ್ಲಿ ಎರಡರಲ್ಲಿ ಒಂದು, ಒಟ್ಟು 16 ಬಗೆ. ಉದ್ದೇಶ ಒಳ್ಳೆಯದೇ ಇತ್ತು. ಪೂರ್ತಿ ಅಂತರ್ಮುಖಿ, ಪೂರ್ತಿ ಬಹಿರ್ಮುಖಿ ಎಂಬ ಮನುಷ್ಯ ಇರುವುದೇ ಇಲ್ಲ ಎಂದು ಯುಂಗ್ ಅವರೇ ಹೇಳಿದ್ದರು. ಪ್ರಶ್ನಾವಳಿಯಾಗಿ ಮಾರುಕಟ್ಟೆಗೆ ಬರುವಷ್ಟರಲ್ಲಿ ಆ ಎಚ್ಚರಿಕೆ ಹಿಂದೆ ಬಿದ್ದಿತು.

ಅದು ಹಿಂದೆ ಬಿದ್ದದ್ದರಿಂದ ಏನಾಯಿತು ಎಂಬುದು ನಿಮ್ಮ ಮಗಳ ಶೇ 54ರಲ್ಲೇ ಇದೆ. ನಮ್ಮ ಕಾಲದ ಪರೀಕ್ಷೆಯನ್ನು ನೆನಪಿಸಿಕೊಳ್ಳಿ, 35 ಬಂದರೆ ಪಾಸು. 34 ಬಂದವನು ಫೇಲು, 36 ಬಂದವನು ಪಾಸು. ಇಬ್ಬರ ಓದಿನಲ್ಲಿ ವ್ಯತ್ಯಾಸ ಏನೂ ಇರಲಿಲ್ಲ. ಅದೇ 36 ಬಂದವನು, 90 ಬಂದವನು ಇಬ್ಬರೂ ‘ಪಾಸು’ ಎಂಬ ಒಂದೇ ಚೀಲದಲ್ಲಿ. ಈ ನಾಲ್ಕಕ್ಷರದ ಪರೀಕ್ಷೆ ನಡುವೆ ಗೆರೆ ಎಳೆದು ಮಾಡುವುದೂ ಇದನ್ನೇ. ಜನರ ಸ್ವಭಾವವನ್ನು ಅಳೆದು ನೋಡಿದರೆ ಹೆಚ್ಚಿನವರು ಆ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಎರಡು ತುದಿಗಳಲ್ಲಿರುವವರು ಕಡಿಮೆ. ಹಾಗಾಗಿ ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಬರೆದರೆ ಒಂದಾದರೂ ಅಕ್ಷರ ಬದಲಾಗುವವರು ತುಂಬ ಮಂದಿ. ನಿಮ್ಮ ಮಗಳು ಎರಡು ಮೂರು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರೆ, ಅಂದು ಬೆಳಿಗ್ಗೆ ಗೆಳತಿಯ ಜೊತೆ ನಗುತ್ತಾ ಬಂದಿದ್ದರೆ, ‘ಐ’ ಹೋಗಿ ‘ಇ’ ಬಂದಿರುತ್ತಿತ್ತೇನೋ. ಆಗ ಅದೇ ಸಂಸ್ಥೆ ಅವಳಿಗೆ ಬೇರೆ ವೃತ್ತಿ ಬರೆದುಕೊಡುತ್ತಿತ್ತು.

‘ನನ್ನನ್ನೇ ನೋಡಿ ಬರೆದ ಹಾಗಿದೆ’ ಎಂಬ ಮಾತಿಗೆ ಬರೋಣ. ಅವಳು ಸುಳ್ಳು ಹೇಳುತ್ತಿಲ್ಲ, ಮೋಸ ಹೋಗುವಷ್ಟು ಪೆದ್ದಿಯೂ ಅಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಒಂದು ವಾರದ ಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವದ ವಿವರಣೆ, ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಕೊಡು’ ಎಂದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿದ: ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಅದರ ಬಹುಪಾಲು ವಾಕ್ಯಗಳನ್ನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ! ‘ಹೊರಗೆ ಧೈರ್ಯವಂತರಾಗಿ ಕಂಡರೂ ಒಳಗೆ ಅಳುಕು ಇರುತ್ತದೆ’ ಎಂಬಂಥ ಮಾತು ಯಾರಿಗೆ ಹೊಂದುವುದಿಲ್ಲ ಹೇಳಿ? ನಿಮ್ಮ ಮಗಳ ವರದಿಯಲ್ಲಿ ಇದರ ಜೊತೆಗೆ ಇನ್ನೊಂದು ಸೇರಿದೆ. ‘ಗುಂಪಿನ ಮುಂದೆ ಮಾತನಾಡಲು ಇಷ್ಟವಿಲ್ಲ’ ಎಂದು ಅವಳೇ ಗುರುತು ಹಾಕಿದ್ದಾಳೆ, ‘ನೀವು ಗುಂಪಿನ ಮುಂದೆ ಮಾತನಾಡಲು ಇಷ್ಟಪಡುವುದಿಲ್ಲ’ ಎಂದು ವರದಿ ಹೇಳಿದೆ. ಅವಳ ಮಾತನ್ನೇ ಅವಳಿಗೆ ವಾಪಸ್ ಕೊಟ್ಟಿದ್ದಾರೆ. ಅದು ಸರಿ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಮನೆಗಳಿಗೂ ಈ ಹಣೆಪಟ್ಟಿ ಹೊಸದಲ್ಲ. ಜಾತಕದಲ್ಲಿ ದೇವಗಣ, ಮನುಷ್ಯಗಣ, ರಾಕ್ಷಸಗಣ ಎಂದು ಬರೆಯುತ್ತಾರೆ. ಹುಟ್ಟಿದ ನಕ್ಷತ್ರದಿಂದಾಗಿ ‘ರಾಕ್ಷಸಗಣ’ ಎನಿಸಿಕೊಂಡ ಹೆಣ್ಣುಮಕ್ಕಳು ಒಂದು ಜೋರು ಮಾತಾಡಿದರೂ ‘ಗಣ ಎಲ್ಲಿ ಹೋಗುತ್ತೆ’ ಎಂದು ಕೇಳಿಸಿಕೊಂಡು ಬೆಳೆದದ್ದನ್ನು ನನ್ನ ಮುಂದೆ ಕೂತು ಅತ್ತು ಹೇಳಿಕೊಂಡಿದ್ದಾರೆ. ಹೆಸರು ಸಂಸ್ಕೃತದಲ್ಲಿದ್ದರೂ ಇಂಗ್ಲಿಷ್ ಅಕ್ಷರದಲ್ಲಿದ್ದರೂ, ಒಮ್ಮೆ ಅಂಟಿಸಿದ ಮೇಲೆ ಮಗು ಮಾಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ. ಮಂಡಿಯಲ್ಲಿ ಲೆಕ್ಕ ಕೇಳಿದ್ದು ಮರೆತುಹೋಗುತ್ತದೆ, ಸೆಮಿನಾರ್ ತಪ್ಪಿಸಿದ್ದು ನೆನಪಿನಲ್ಲಿ ಉಳಿಯುತ್ತದೆ.

ಹಾಗಾದರೆ ಸ್ವಭಾವ ಎಂಬುದೇ ಇಲ್ಲವೇ? ಖಂಡಿತ ಇದೆ. ಎರಡು ಮಕ್ಕಳನ್ನು ಸಾಕಿದ ನಿಮಗೆ ಅದನ್ನು ನಾನು ಹೇಳಬೇಕಾಗಿಲ್ಲ. 1936ರಲ್ಲಿ ಆಲ್ಪೋರ್ಟ್ ಮತ್ತು ಓಡ್‌ಬರ್ಟ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯರ ಗುಣ ಹೇಳುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಜನ ಒಬ್ಬರನ್ನೊಬ್ಬರು ಬಣ್ಣಿಸುವ ಮಾತಿನಲ್ಲೇ ಸ್ವಭಾವದ ನಕ್ಷೆ ಇರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ನಂತರದ ದಶಕಗಳಲ್ಲಿ ಆ ರಾಶಿಯನ್ನು ಬೇರೆ ಬೇರೆ ಸಂಶೋಧಕರು ಸೋಸುತ್ತಾ ಹೋದಾಗ ಐದು ದೊಡ್ಡ ಗುಂಪುಗಳು ಮತ್ತೆ ಮತ್ತೆ ಸಿಕ್ಕವು: ಹೊಸತಿಗೆ ತೆರೆದುಕೊಳ್ಳುವುದು, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವುದು, ಜನರ ನಡುವೆ ಉತ್ಸಾಹಗೊಳ್ಳುವುದು, ಇನ್ನೊಬ್ಬರೊಡನೆ ಹೊಂದಿಕೊಂಡು ಹೋಗುವುದು, ಬೇಗ ಕಳವಳಕ್ಕೆ ಬೀಳುವುದು. ಇಂದು ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾಗುವುದು ಇದೇ. ಇಲ್ಲಿ ಯಾರನ್ನೂ ‘ಇಂಥ ಬಗೆ’ ಎಂದು ಕರೆಯುವುದಿಲ್ಲ. ಪ್ರತಿಯೊಂದು ಗುಣವೂ ಎಲ್ಲರಲ್ಲೂ ಇದೆ, ಎಷ್ಟಿದೆ ಎಂಬುದಷ್ಟೇ ಪ್ರಶ್ನೆ.

ಆ ಐದನೆಯದನ್ನು ಇನ್ನೊಮ್ಮೆ ಓದಿ, ಬೇಗ ಕಳವಳಕ್ಕೆ ಬೀಳುವುದು. ನಿಮ್ಮ ಮಗಳು ಬರೆದ ನಾಲ್ಕಕ್ಷರದ ಪರೀಕ್ಷೆಯಲ್ಲಿ ಅದನ್ನು ಅಳೆಯುವ ಜಾಗವೇ ಇಲ್ಲ. ಭಯ, ಆತಂಕ, ಅಳುಕು ಯಾವುದಕ್ಕೂ ಅಲ್ಲಿ ಅಕ್ಷರವಿಲ್ಲ. ಹಾಗಾದರೆ ಭಯವಿರುವ ಮಗು ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗ ಆ ಭಯ ಎಲ್ಲಿ ಹೋಗಿ ಕೂರುತ್ತದೆ? ‘ಸಭೆಯಲ್ಲಿ ಮಾತನಾಡುವುದನ್ನು ತಪ್ಪಿಸುತ್ತೇನೆ’, ‘ಹೊಸಬರ ಜೊತೆ ಬೆರೆಯುವುದು ಕಷ್ಟ’ ಎಂಬಲ್ಲಿ ಗುರುತು ಬೀಳುತ್ತದೆ, ಎಲ್ಲವೂ ಅಂತರ್ಮುಖಿಯ ಖಾತೆಗೆ ಜಮಾ ಆಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಇದೇ ಆಗಿರಬಹುದು ಎಂಬ ಅನುಮಾನ ನನ್ನದು. ಅವಳನ್ನು ನೋಡದೆ ನಾನು ನಿರ್ಣಯ ಕೊಡಲಾರೆ. ಆದರೆ ನೀವು ಬರೆದ ಹೊಟ್ಟೆನೋವು ನನ್ನನ್ನು ಆ ಕಡೆಗೆ ತಿರುಗಿಸುತ್ತಿದೆ.

ಅಂತರ್ಮುಖತೆ ಬೇರೆ, ಸಂಕೋಚ ಬೇರೆ, ಸಾಮಾಜಿಕ ಆತಂಕ ಬೇರೆ. ಮೂರನ್ನೂ ‘ಮಾತು ಕಮ್ಮಿ’ ಎಂಬ ಒಂದೇ ಮಾತಿನಲ್ಲಿ ನಾವು ಮುಗಿಸಿಬಿಡುತ್ತೇವೆ. ಅಂತರ್ಮುಖಿಗೆ ಜನರ ನಡುವೆ ಇದ್ದು ಬಂದರೆ ಸುಸ್ತಾಗುತ್ತದೆ, ಒಬ್ಬರೇ ಕೂತರೆ ಚೇತರಿಕೆ. ಮದುವೆಮನೆಯಿಂದ ಬೇಗ ಹೊರಡಬೇಕು ಎನಿಸುತ್ತದೆ, ಆದರೆ ಅಲ್ಲಿ ಹೆದರಿಕೆಯೇನಿಲ್ಲ. ಮಾತನಾಡಲೇಬೇಕಾಗಿ ಬಂದರೆ ನೆಟ್ಟಗೆ ಮಾತನಾಡಿ ಬಂದು ನಿದ್ದೆ ಮಾಡುತ್ತಾರೆ. ಸಂಕೋಚದವರಿಗೆ ಆರಂಭದ ಹತ್ತು ನಿಮಿಷ ಕಷ್ಟ, ಆಮೇಲೆ ಸರಿಹೋಗುತ್ತದೆ. ಸಾಮಾಜಿಕ ಆತಂಕ ಇರುವವರಿಗೆ ಮೂರು ದಿನ ಮೊದಲೇ ಶುರು: ‘ತಪ್ಪಾದರೆ ನಗುತ್ತಾರೆ, ದನಿ ನಡುಗಿದರೆ ಎಲ್ಲರಿಗೂ ಗೊತ್ತಾಗುತ್ತದೆ.’ ಹೊಟ್ಟೆನೋವು, ವಾಂತಿ ಬಂದಂತಾಗುವುದು, ಕೈ ಬೆವರುವುದು. ಮುಗಿದ ಮೇಲೂ ಬಿಡುವುದಿಲ್ಲ, ರಾತ್ರಿ ಮಲಗಿ ಪ್ರತಿ ವಾಕ್ಯವನ್ನೂ ಮತ್ತೆ ಮತ್ತೆ ತಿರುವಿ ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಗುರುತು ಮನಸ್ಸಿನ ಆಸೆಯಲ್ಲಿದೆ. ಅಂತರ್ಮುಖಿ ‘ನನಗೆ ಬೇಡ’ ಎನ್ನುತ್ತಾರೆ. ಆತಂಕದವರು ‘ಬೇಕು, ಆದರೆ ನನ್ನ ಕೈಲಿ ಆಗಲ್ಲ’ ಎನ್ನುತ್ತಾರೆ. ನಿಮ್ಮ ಮಗಳು ಹೇಳಿದ ಮಾತು ಯಾವುದು ನೋಡಿ. ಚರ್ಚಾಸ್ಪರ್ಧೆಗೆ ಮೊದಲು ತಾನಾಗಿ ಹೆಸರು ಕೊಟ್ಟವಳು ಅವಳೇ ಅಲ್ಲವೇ?

ಸುಮಾರು ಇಪ್ಪತ್ತು ವರ್ಷದ ನನ್ನ ವೃತ್ತಿಯಲ್ಲಿ ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ. ಈ ತೊಂದರೆ ಸಾಮಾನ್ಯವಾಗಿ ಹದಿಹರೆಯದಲ್ಲೇ ತಲೆ ಎತ್ತುತ್ತದೆ. ಮನೆಯವರು ‘ಪಾಪದ ಹುಡುಗಿ, ಗಲಾಟೆಯಿಲ್ಲ’ ಎಂದು ಮೆಚ್ಚಿಕೊಂಡೇ ಇರುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಒಬ್ಬ ಹುಡುಗಿ ಇಂಜಿನಿಯರಿಂಗ್ ಮುಗಿಸಿ, ಮೂರು ಕಂಪನಿಯ ಸಂದರ್ಶನದ ದಿನ ಜ್ವರ ಬಂದು ಮಲಗಿದ ಮೇಲೆ ನನ್ನ ಹತ್ತಿರ ಬಂದಳು. ಅಲ್ಲಿಯವರೆಗೆ ಎಂಟು ವರ್ಷ ಎಲ್ಲರೂ ‘ಅವಳ ನೇಚರ್ರೇ ಹಾಗೆ’ ಎಂದಿದ್ದರು. ನೇಚರ್ ಎಂದುಬಿಟ್ಟರೆ ಅಲ್ಲಿಗೆ ವಿಚಾರ ಮುಗಿಯಿತು, ಯಾರೂ ಕಾರಣ ಹುಡುಕುವುದಿಲ್ಲ. ಏಕೆ ಮಾತನಾಡುವುದಿಲ್ಲ? ಅಂತರ್ಮುಖಿ. ಅಂತರ್ಮುಖಿ ಎಂದು ಹೇಗೆ ಗೊತ್ತು? ಮಾತನಾಡುವುದಿಲ್ಲವಲ್ಲ! ಹೀಗೆ ಗಾಣದ ಎತ್ತಿನಂತೆ ಸುತ್ತಿದರೆ ಎಷ್ಟು ನಡೆದರೂ ನಿಂತಲ್ಲೇ ಇರುತ್ತೇವೆ. ಆ ಹುಡುಗಿ ಚಿಕಿತ್ಸೆಯಿಂದ ಸುಧಾರಿಸಿದಳು. ಎಂಟು ವರ್ಷ ಕಳೆದದ್ದು ಮಾತ್ರ ಕಳೆದೇ ಹೋಯಿತು.

ನಿಮ್ಮ ತಾಯಿಯವರ ಗಾದೆಗೆ ಅರ್ಧ ಅಂಕ ಕೊಡುತ್ತೇನೆ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳ ಪ್ರಕಾರ ಜನರ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 40ರಿಂದ 50ರಷ್ಟು ಹುಟ್ಟಿನಿಂದ ಬಂದದ್ದು. ಉಳಿದದ್ದು ಬದುಕು ಕಲಿಸಿದ್ದು. ಹುಟ್ಟಿನಿಂದ ಬಂದ ಪಾಲೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಹದಿಹರೆಯದಿಂದ ನಲವತ್ತರವರೆಗೆ ಬಹುಪಾಲು ಜನರಲ್ಲಿ ಶಿಸ್ತು ಹೆಚ್ಚುತ್ತದೆ, ಕಳವಳ ತಗ್ಗುತ್ತದೆ. ಹದಿನೇಳರ ಹುಡುಗಿಯ ಸ್ವಭಾವಕ್ಕೆ ಈಗಲೇ ಷರಾ ಬರೆಯುವುದು, ಹೂ ಬಿಟ್ಟಿರುವಾಗಲೇ ಬೆಳೆ ಇಷ್ಟೇ ಕ್ವಿಂಟಲ್ ಎಂದು ಕರಾರು ಮಾಡಿದ ಹಾಗೆ. ಅದೂ ಅಲ್ಲದೆ ನಮ್ಮಲ್ಲಿ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಇನ್ನೊಂದು ಗಾದೆಯೂ ಇದೆಯಲ್ಲ, ಒಬ್ಬನೇ ಮನುಷ್ಯ ಎರಡು ಜಾಗದಲ್ಲಿ ಎರಡು ಥರ. 1968ರಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಎತ್ತಿ ಹೇಳಿದಾಗ ಈ ಕ್ಷೇತ್ರದಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು: ಪರೀಕ್ಷೆಯ ಅಂಕದಿಂದ ಒಬ್ಬರು ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಹೇಳುವುದು ನಾವಂದುಕೊಂಡಷ್ಟು ಸಲೀಸಲ್ಲ. ನಿಮ್ಮ ಮಗಳು ತರಗತಿಯಲ್ಲಿ ಮೌನ, ಮಂಡಿಯಲ್ಲಿ ವಕೀಲೆ. ಮಂಡಿಯಲ್ಲಿ ಅವಳ ಗಮನವೆಲ್ಲ ಚೀಟಿಯ ಲೆಕ್ಕದ ಮೇಲೆ, ಅಪ್ಪನಿಗೆ ಆಗುತ್ತಿದ್ದ ಅನ್ಯಾಯದ ಮೇಲೆ ಇತ್ತು. ತರಗತಿಯಲ್ಲಿ ಗಮನವೆಲ್ಲ ತನ್ನ ಮೇಲೆಯೇ. ವ್ಯತ್ಯಾಸ ಇರುವುದು ಅಲ್ಲಿ.

ವೃತ್ತಿಯ ಮಾತಿಗೆ ಬಂದರೆ, ಆ ವರದಿ ತನ್ನ ಮಿತಿಯನ್ನು ಮೀರಿದೆ ಎಂದು ಖಡಾಖಂಡಿತ ಹೇಳುತ್ತೇನೆ. ನಾಲ್ಕಕ್ಷರದ ಪರೀಕ್ಷೆಯ ಅಧಿಕೃತ ಪ್ರಕಾಶಕರೇ ಅದನ್ನು ಕೆಲಸಕ್ಕೆ ಜನರನ್ನು ಆರಿಸಲು ಬಳಸಬಾರದು ಎನ್ನುತ್ತಾರೆ. ಅಂದಮೇಲೆ ಹದಿನೇಳರ ಮಗುವಿಗೆ ‘ಈ ವೃತ್ತಿ ಹೊಂದುವುದಿಲ್ಲ’ ಎಂದು ಬರೆದುಕೊಡುವ ಅಧಿಕಾರ ಯಾರಿಗಿದೆ? ಸ್ವಭಾವಕ್ಕೂ ಕೆಲಸದ ಗುಣಮಟ್ಟಕ್ಕೂ ನಂಟು ಇಲ್ಲವೆಂದಲ್ಲ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಬಹಳಷ್ಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಗೆಬಗೆಯ ವೃತ್ತಿಗಳಲ್ಲೂ ಒಂದೇ ರೀತಿ ಕೆಲಸಕ್ಕೆ ಬಂದ ಗುಣ ಶಿಸ್ತು, ಹಿಡಿದದ್ದನ್ನು ಮುಗಿಸುವ ಛಲ. ಅದೂ ಹಣೆಬರಹ ಹೇಳುವಷ್ಟು ಬಲವಾದ ನಂಟಲ್ಲ.

ವಕೀಲಿಕೆ ಎಂದರೆ ನಮಗೆ ಸಿನಿಮಾದ ಕೋರ್ಟು ಕಣ್ಣಿಗೆ ಬರುತ್ತದೆ. ನಿಮ್ಮ ಊರಿನ ಕೋರ್ಟಿಗೆ ಮಗಳನ್ನು ಕರೆದುಕೊಂಡು ಹೋಗಿ ಅರ್ಧ ದಿನ ಕೂರಿಸಿ. ಜೋರು ದನಿಯಲ್ಲಿ ವಾದಿಸುವವರಿಗಿಂತ ಕಡತ ತಿರುವುವವರು, ದಾವೆ ಬರೆಯುವವರು, ಪಹಣಿಯ ಒಂದು ಸಾಲಿನಲ್ಲಿ ತಪ್ಪು ಹಿಡಿಯುವವರು ಹೆಚ್ಚು ಕಾಣುತ್ತಾರೆ. ಒಳ್ಳೆಯ ಪಾಟೀಸವಾಲು ಎಷ್ಟೋ ಸಲ ಮೆಲುದನಿಯಲ್ಲಿ, ಕಾಗದ ಮುಂದಿಟ್ಟುಕೊಂಡು ನಡೆಯುತ್ತದೆ. ತೂಕದ ಚೀಟಿ ಹಿಡಿದು ನಿಮ್ಮ ಮಗಳು ಮಾಡಿದ್ದು ಅದೇ ತಾನೆ? ಕರಾರು ಬರೆಯುವುದು, ಕಂಪನಿಗಳಿಗೆ ಸಲಹೆ ಕೊಡುವುದು, ನ್ಯಾಯಾಂಗ ಪರೀಕ್ಷೆ ಬರೆಯುವುದು, ಪಾಠ ಹೇಳುವುದು ಹೀಗೆ ಆ ಓದಿಗೆ ಹಲವು ಬಾಗಿಲುಗಳಿವೆ. ಇನ್ನೊಂದು ಮಾತು. ನರ್ಸಿಂಗ್, ಶಿಕ್ಷಕ ವೃತ್ತಿ ಮಾತು ಕಮ್ಮಿ ಇರುವವರಿಗೆ ಸುಲಭ ಎಂದು ಯಾರು ಹೇಳಿದರೋ! ದಿನವಿಡೀ ರೋಗಿಗಳ ಕಡೆಯವರಿಗೆ, ಅರವತ್ತು ಮಕ್ಕಳಿಗೆ ಉತ್ತರ ಹೇಳುವ ಕೆಲಸಗಳು ಅವು.

ಬೆರಳಚ್ಚಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ: ಮಾಡಿಸಬೇಡಿ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ರೂಪುಗೊಳ್ಳುತ್ತವೆ, ಡೌನ್ ಸಿಂಡ್ರೋಮ್‌ನಂಥ ಕೆಲವು ಹುಟ್ಟು ಸ್ಥಿತಿಗಳಲ್ಲಿ ಅವುಗಳ ವಿನ್ಯಾಸ ಬೇರೆಯಾಗಿ ಕಾಣುತ್ತದೆ. ಇಷ್ಟು ನಿಜ. ಈ ನಿಜವನ್ನು ಹಿಡಿದುಕೊಂಡು ‘ಗೆರೆ ನೋಡಿ ಮಗು ಗಣಿತಕ್ಕೋ ಸಂಗೀತಕ್ಕೋ ಹೇಳುತ್ತೇವೆ’ ಎಂದು ಜಿಗಿಯುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ದುಡ್ಡಿನಲ್ಲಿ ಮಗನಿಗೆ ಸೈಕಲ್ ರಿಪೇರಿ ಮಾಡಿಸಿಕೊಡಿ, ಪುಸ್ತಕ ಕೊಡಿಸಿ, ಅವನು ಯಾವುದರ ಹಿಂದೆ ಬೀಳುತ್ತಾನೆ ಎಂದು ಗಮನಿಸಿ.

ಈಗ ಮಗಳಿಗೆ ಏನು ಮಾಡಬಹುದು?

ಏನೂ ಮಾಡದೆ ‘ದೊಡ್ಡವಳಾದ ಮೇಲೆ ಸರಿಹೋಗುತ್ತಾಳೆ’ ಎಂದು ಬಿಡುವುದು ಒಂದು ದಾರಿ. ಬರೀ ಸಂಕೋಚವಾಗಿದ್ದರೆ ಹಾಗೇ ಆಗಲೂಬಹುದು. ಆತಂಕವಾಗಿದ್ದರೆ ಕಾಯುವುದರಲ್ಲಿ ಅಪಾಯವಿದೆ, ಏಕೆಂದರೆ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಸೆಮಿನಾರ್ ದಿನ ಮನೆಯಲ್ಲಿ ಉಳಿದಾಗ ಹತ್ತು ಗಂಟೆಯ ಹೊತ್ತಿಗೆ ಹೊಟ್ಟೆನೋವು ಮಾಯ. ಅವಳ ಮೈಮನಸ್ಸು ‘ತಪ್ಪಿಸಿಕೊಂಡೆ, ಬದುಕಿದೆ’ ಎಂಬ ಪಾಠ ಕಲಿಯುತ್ತದೆ. ಆ ಕ್ಷಣದ ನೆಮ್ಮದಿಯೇ ಮುಂದಿನ ಭಯಕ್ಕೆ ಗೊಬ್ಬರ. ನೋವು ನಿಜವಾದದ್ದು, ನಾಟಕವಲ್ಲ, ಇದನ್ನು ಮರೆಯಬೇಡಿ. ಒಮ್ಮೆ ವೈದ್ಯರಿಗೂ ತೋರಿಸಿ, ಹೊಟ್ಟೆಯಲ್ಲೇ ಬೇರೆ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಇನ್ನೊಂದು ದಾರಿ, ಕೆಲವು ಅಪ್ಪಂದಿರು ಹಿಡಿಯುವುದು: ‘ಹೆದರಿಕೆ ಬಿಡಿಸುತ್ತೇನೆ’ ಎಂದು ನೇರ ವೇದಿಕೆಗೆ ತಳ್ಳುವುದು. ಈಜು ಕಲಿಸಲು ಬಾವಿಗೆ ನೂಕಿದ ಹಾಗೆ. ಕೆಲವರು ಈಜಿಬಿಡುತ್ತಾರೆ, ಕೆಲವರು ಜನ್ಮವಿಡೀ ನೀರಿಗೆ ಇಳಿಯುವುದಿಲ್ಲ. ಅವಳು ವೇದಿಕೆಯಲ್ಲಿ ತಡವರಿಸಿ ಇಳಿದು ಬಂದರೆ ‘ವರದಿ ಹೇಳಿದ್ದೇ ಸರಿ’ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾಳೆ. ಇದನ್ನು ದಯವಿಟ್ಟು ಮಾಡಬೇಡಿ.

ನಾನು ಶಿಫಾರಸು ಮಾಡುವುದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದನ್ನು. ಅವಳೇ ಕೂತು, ಕಡಿಮೆ ಭಯದ್ದರಿಂದ ಹೆಚ್ಚು ಭಯದ್ದರವರೆಗೆ ಬರೆಯಲಿ. ದಿನಪತ್ರಿಕೆಯ ಸಂಪಾದಕೀಯವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವುದು ಮೊದಲ ಮೆಟ್ಟಿಲಿರಬಹುದು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದು, ತರಗತಿ ಮುಗಿದ ಮೇಲೆ ಉಪನ್ಯಾಸಕರ ಬಳಿ ಒಂದು ಸಂದೇಹ ಕೇಳುವುದು, ಆಮೇಲೆ ಅದೇ ಸಂದೇಹವನ್ನು ತರಗತಿಯ ನಡುವೆ ಕೇಳುವುದು, ಇಬ್ಬರು ಗೆಳತಿಯರ ಮುಂದೆ ಸೆಮಿನಾರ್ ಹೇಳುವುದು. ಪ್ರತಿ ಮೆಟ್ಟಿಲಿನಲ್ಲೂ ಒಂದೇ ನಿಯಮ: ಎದೆ ಹೊಡೆದುಕೊಳ್ಳುತ್ತಿರುವಾಗ ಓಡಿಹೋಗಬಾರದು. ಭಯ ಏರಿ, ತಾನಾಗಿ ಇಳಿಯುವವರೆಗೆ ಅಲ್ಲೇ ಇರಬೇಕು. ‘ಇಳಿಯುತ್ತದೆ’ ಎಂಬುದನ್ನು ಅವಳ ಮೈಯೇ ಕಲಿಯಬೇಕು, ನನ್ನ ಮಾತಿನಿಂದ ಕಲಿಯಲಾಗದು. ಒಂದು ಮೆಟ್ಟಿಲು ಬೇಸರ ಬರುವಷ್ಟು ಸಲೀಸಾದ ಮೇಲೆ ಮುಂದಿನದು.

ಇದನ್ನು ಮನೆಯಲ್ಲೇ ಶುರು ಮಾಡಬಹುದು. ಆದರೆ ಒಂದು ವರ್ಷದಿಂದ ಹೊಟ್ಟೆನೋವು ಇದೆ, ಓದಿನ ನಿರ್ಧಾರವನ್ನೇ ಅದು ಬದಲಿಸುತ್ತಿದೆ ಎಂದಮೇಲೆ ಒಮ್ಮೆ ಸರಿಯಾದ ತಪಾಸಣೆ ಆಗಲಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎರಡು ದಿನದ ಕೋರ್ಸು ಮಾಡಿ ‘ಕೌನ್ಸೆಲರ್’ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಮೊದಲು ಫೋನಿನಲ್ಲಿ ಮಾತನಾಡಿ ನೋಡೋಣ ಎನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಆತಂಕಕ್ಕೆ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಹನ್ನೆರಡರಿಂದ ಹದಿನಾರು ಭೇಟಿ ಹಿಡಿಯುತ್ತದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕೆನಿಸಿದರೆ ಅದನ್ನು ಮನೋವೈದ್ಯರು ಹೇಳಬೇಕು. ಭಾಷಣಕ್ಕೆ ಮೊದಲು ಎದೆಬಡಿತ ತಗ್ಗಿಸುವ ಮಾತ್ರೆಯನ್ನು ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವವರಿದ್ದಾರೆ. ಆಸ್ತಮಾ ಇರುವವರಿಗೆ ಅದು ಉಸಿರಿಗೇ ಕುತ್ತು ತರಬಹುದು.

ಮೊದಲ ಒಂದೆರಡು ವಾರ ಅವಳಿಗೆ ಇನ್ನಷ್ಟು ಕಷ್ಟ ಎನಿಸುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ತಪ್ಪಿಸಿಕೊಳ್ಳುತ್ತಿದ್ದುದನ್ನು ಎದುರಿಸುವಾಗ ಹಾಗಾಗುವುದು ಸಹಜ, ಆಗ ಮನೆಯವರು ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ನೆಂಟರ ಮುಂದೆ ‘ಇವಳು ಮೊದಲಿಂದ ಹೀಗೇ, ಮಾತೇ ಆಡಲ್ಲ’ ಎನ್ನುವುದನ್ನು ಇಂದಿನಿಂದ ಬಿಡಿ. ಅಜ್ಜಿಗೂ ಹೇಳಿ. ಬಲವಂತ ಬೇಡ ಎಂಬ ಅವರ ಮಾತು ಸರಿಯಾಗಿಯೇ ಇದೆ, ಅದನ್ನೂ ಅವರಿಗೆ ಹೇಳಿ.

ತಪಾಸಣೆಯಲ್ಲಿ ಆತಂಕವೇನೂ ಇಲ್ಲ, ಅವಳು ನಿಜವಾಗಿಯೂ ಒಂಟಿಯಾಗಿ ಕೂತು ಓದಿ ಬರೆಯುವುದನ್ನು ಇಷ್ಟಪಡುವವಳು ಎಂದು ಬರಬಹುದು. ಹಾಗಾದರೂ ಲಾ ಓದಿಗೆ ಅಡ್ಡಿಯಿಲ್ಲ, ಕೋರ್ಟಿನ ಕೆಲಸ ಆರಿಸುವಾಗ ಅದನ್ನು ನೆನಪಿಟ್ಟುಕೊಂಡರೆ ಸಾಕು. ಅವಳಿಗೆ ಲಾ ಮೇಲಿನ ಆಸೆಯೇ ಹೋಗಿದೆ, ವರದಿಯನ್ನು ನೆಪ ಮಾಡಿಕೊಂಡಿದ್ದಾಳೆ ಎಂದು ತಿಳಿದುಬರಲೂಬಹುದು. ಹದಿನೇಳರಲ್ಲಿ ಮನಸ್ಸು ಬದಲಾಗುತ್ತದೆ, ಅದನ್ನು ಅಪ್ಪನ ಮುಂದೆ ಹೇಳಲು ಹೆದರಿ ಮಕ್ಕಳು ನೆಪ ಹುಡುಕುತ್ತಾರೆ. ಹಾಗಿದ್ದರೆ ಕೋಪಿಸಿಕೊಳ್ಳದೆ ಕೇಳಿಸಿಕೊಳ್ಳಿ.

ಇಂದು ರಾತ್ರಿ ಊಟವಾದ ಮೇಲೆ ಅವಳ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ‘ಭಯ ಅನ್ನೋದು ಇಲ್ಲದೇ ಇದ್ದಿದ್ರೆ ನೀನು ಏನು ಓದ್ತಿದ್ದೆ?’ ಉತ್ತರ ಬರಲು ಹೊತ್ತು ಹಿಡಿದರೆ ಹಿಡಿಯಲಿ, ನಡುವೆ ಬಾಯಿ ಹಾಕಬೇಡಿ. ‘ಲಾ’ ಎಂದರೆ ಕ್ಲಾಟ್ ಅರ್ಜಿ ಕಟ್ಟಿಬಿಡಿ. ಅದರಲ್ಲಿ ಸಂದರ್ಶನವಿಲ್ಲ, ಕೂತು ಬರೆಯುವ ಪರೀಕ್ಷೆ. ಅದು ಕೈತಪ್ಪಿದರೂ ಪಿಯುಸಿ ಮೇಲೆ ಐದು ವರ್ಷದ ಕೋರ್ಸು, ಡಿಗ್ರಿ ಮೇಲೆ ಮೂರು ವರ್ಷದ ಕೋರ್ಸು ನಮ್ಮ ರಾಜ್ಯದ ಕಾನೂನು ಕಾಲೇಜುಗಳಲ್ಲೇ ಇದೆ. ತಪಾಸಣೆಗೆ ಹೋಗುವಾಗ ಆ ವರದಿಯನ್ನೂ ತೆಗೆದುಕೊಂಡು ಹೋಗಿ. ಜೊತೆಗೆ ಒಂದು ಹಾಳೆಯಲ್ಲಿ, ಯಾವ ಯಾವ ದಿನ ಹೊಟ್ಟೆನೋವು ಬಂತು, ಅಂದು ಕಾಲೇಜಿನಲ್ಲಿ ಏನಿತ್ತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆದುಕೊಳ್ಳಿ. ಮಂಡಿಯ ವಿಷಯವನ್ನೂ ಬರೆಯಿರಿ. ನೋಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಹಾಳೆಯೇ.